ಖಾತೆಯಲ್ಲಿ ಕಾಣದ ಮನೆ: ಬಿಟಿಎಂ ಲೇಔಟಿನ ಕಟ್ಟಡಗಳೂ ಡಿಜಿಟಲ್ ದಾಖಲೆಯೂ

ಕನ್ನಡ ನಾಡಿನ ದಾನಶಾಸನಗಳನ್ನು ಓದಿದವರಿಗೆ ‘ಖಂಡಸ್ಫುಟಿತ ಜೀರ್ಣೋದ್ಧಾರ’ ಎಂಬ ಮಾತು ಅಪರಿಚಿತವಲ್ಲ. ದೇಗುಲಕ್ಕೆ ಭೂಮಿಯನ್ನು ಬಿಡುವಾಗಲೇ, ಮುಂದೆ ಒಡೆದುದನ್ನೂ ಬಿರಿದುದನ್ನೂ ಸರಿಪಡಿಸುವ ವೆಚ್ಚಕ್ಕೆ ಆ ದಾಖಲೆಗಳು ದಾರಿಮಾಡುತ್ತಿದ್ದುವು. ದಾನಿಯ ಹೆಸರು, ಭೂಮಿಯ ಎಲ್ಲೆ ಇವುಗಳೊಡನೆ ಕಟ್ಟಡವು ಸವೆಯುತ್ತದೆಂಬ ಅರಿವೂ ಅಲ್ಲಿ ಉಂಟು. ಇಂದಿನ ನಮ್ಮ ಡಿಜಿಟಲ್ ದಾಖಲೆಗಳಲ್ಲಿ ಈ ಅರಿವು ಎಷ್ಟರಮಟ್ಟಿಗೆ ಉಳಿದಿದೆಯೆಂಬುದನ್ನು, ಬೆಂಗಳೂರಿನ ಬಿಟಿಎಂ ಲೇಔಟನ್ನು ಎದುರಿಗಿಟ್ಟುಕೊಂಡು ಇಲ್ಲಿ ಪರಿಶೀಲಿಸಬಯಸುತ್ತೇವೆ.

ಬೈರಸಂದ್ರ, ತಾವರೆಕೆರೆ, ಮಡಿವಾಳ ಎಂಬ ಮೂರು ಊರುಗಳ ಮೊದಲಕ್ಷರಗಳಿಂದ ಹೆಸರಾದ ಈ ಬಡಾವಣೆಯಲ್ಲಿ 30×40 ಅಡಿಯ ನಿವೇಶನದ ಮೇಲೆ ಮೂರು ನಾಲ್ಕು ಅಂತಸ್ತು ಏರಿಸಿದ ಮನೆಗಳು ಹೇರಳ. ಏಪ್ರಿಲ್ ತಿಂಗಳ ಬಿಸಿಲನ್ನು ಹಗಲೆಲ್ಲ ಹೀರಿದ ಕಾಂಕ್ರೀಟು ತಾರಸಿ, ಇರುಳಿನಲ್ಲಿ ಆ ಕಾವನ್ನು ಮೇಲಂತಸ್ತಿನ ಕೋಣೆಗಳಿಗೆ ಇಳಿಸುತ್ತದೆ. ಪಕ್ಕದ ಮನೆಯ ಗೋಡೆ ಒತ್ತಿ ನಿಂತಿರುವಲ್ಲಿ ಕಿಟಕಿ ತೆರೆದರೂ ಗಾಳಿಯಾಡದು. ತಾರಸಿಗೆ ಬಿಳಿಯ ಲೇಪ, ಉಷ್ಣನಿರೋಧಕ ಪದರ, ಕಿಟಕಿಗೆ ಬಿಸಿಲುಮರೆ—ಪರಿಹಾರಗಳು ತಿಳಿದವೇ ಆಗಿವೆ. ಆದರೆ ಯಾವ ಮನೆಗೆ ಯಾವುದು ಮೊದಲು ಎಂದು ನಿರ್ಣಯಿಸಲು ಆ ಮನೆಯ ಚರಿತ್ರೆ ಬೇಕು: ಗೋಡೆ ಯಾವುದರದು? ತಾರಸಿಯ ಮೇಲೆ ಏನು ಹಾಸಿದೆ? ಕಿಟಕಿ ಯಾವ ದಿಕ್ಕಿಗಿದೆ? ಮೇಲಂತಸ್ತು ಎಂದು ಸೇರಿತು? ತಿಂಗಳಿಗೆ ಎಷ್ಟು ಯೂನಿಟ್ಟು ವಿದ್ಯುತ್ತು ವೆಚ್ಚವಾಗುತ್ತದೆ?

2024ರ ಅಕ್ಟೋಬರಿನಿಂದ ಆಸ್ತಿಯ ನೋಂದಣಿಗೆ ಕಡ್ಡಾಯವಾದ ಇ-ಖಾತೆಯನ್ನು ಈ ಪ್ರಶ್ನೆಗಳೊಡನೆ ಓದಿದರೆ ಉತ್ತರ ದೊರೆಯದು. ಒಡೆಯನ ಗುರುತು, ಕ್ರಯಪತ್ರ, ತೆರಿಗೆಯ ಸಂಖ್ಯೆ, ಆಸ್ತಿಯ ಛಾಯಾಚಿತ್ರ ಇವೆಲ್ಲವನ್ನೂ ಅದು ಕೇಳುತ್ತದೆ. ಬೆಸ್ಕಾಂ ಸಂಪರ್ಕದ ಸಂಖ್ಯೆಯನ್ನೂ ಕೇಳುತ್ತದೆ. ಆದರೆ ಆ ಸಂಖ್ಯೆ ಆಸ್ತಿಯನ್ನು ಗುರುತಿಸುವುದಕ್ಕೇ ಹೊರತು ಮನೆಯು ಬಳಸುವ ವಿದ್ಯುತ್ತನ್ನು ಅರಿಯುವುದಕ್ಕಲ್ಲ. 2008ರಲ್ಲಿ ಬಂದ ಸ್ವಯಂಘೋಷಿತ ಆಸ್ತಿ ತೆರಿಗೆಯ ಪದ್ಧತಿಯೂ ಛಾವಣಿಯ ಬಗೆಯನ್ನೂ ಕಟ್ಟಡದ ವಯಸ್ಸನ್ನೂ ವಿಚಾರಿಸಿತು. ಅದು ಕಂದಾಯದ ದರವನ್ನೂ ಸವಕಳಿಯನ್ನೂ ಗೊತ್ತುಮಾಡುವುದಕ್ಕಾಗಿ. ಖಾತೆ ಕಂದಾಯದ ಕಣ್ಣಿನಿಂದ ನೋಡುವುದು ತಪ್ಪೆಂದು ನಾವು ಹೇಳುವುದಿಲ್ಲ. ಅದು ಹುಟ್ಟಿರುವುದೇ ಆ ಕಾರ್ಯಕ್ಕೆ. ಅದನ್ನೇ ಕಟ್ಟಡದ ಪೂರ್ಣ ದಾಖಲೆಯೆಂದು ಬಗೆದು ತೃಪ್ತರಾದರೆ ದೋಷ ನಮ್ಮದು.

ವಿದ್ಯುಚ್ಛಕ್ತಿ ಸಚಿವಾಲಯವು 2018ರಲ್ಲಿ ಹೊರತಂದ ‘ಇಕೋ ನಿವಾಸ್ ಸಂಹಿತಾ’ ಈ ಕೊರತೆಯನ್ನು ತುಂಬೀತೆ? ಛಾವಣಿಯ ಮೂಲಕ ಉಷ್ಣ ಹರಿಯುವ ಪ್ರಮಾಣಕ್ಕೆ ಅದು ಚದರ ಮೀಟರಿಗೆ ಪ್ರತಿ ಡಿಗ್ರಿಗೆ 1.2 ವಾಟಿನ ಮಿತಿಯನ್ನಿಟ್ಟಿತು. ಆದರೆ ಅದರ ವ್ಯಾಪ್ತಿ 500 ಚದರ ಮೀಟರು ಮತ್ತು ಅದಕ್ಕೆ ಮೇಲ್ಪಟ್ಟ ನಿವೇಶನಗಳ ಹೊಸ ವಸತಿ ಕಟ್ಟಡಗಳಿಗೆ. 30×40 ಅಡಿಯ ನಿವೇಶನವೋ ಸುಮಾರು 111 ಚದರ ಮೀಟರು ಮಾತ್ರ. ಹೀಗೆ, ನವೀಕರಣದ ಅಗತ್ಯ ಹೆಚ್ಚಾಗಿರುವ ಮನೆಗಳೇ ಸಂಹಿತೆಯ ಕಣ್ಣಿಗೂ ಬೀಳದೆ ಹೋಗುತ್ತವೆ.

ಮನೆಮನೆಯ ವಿವರವನ್ನು ಕೂಡಿಸುವುದು ಅಸಾಧ್ಯವೆಂಬ ಆಕ್ಷೇಪ ಬರಬಹುದು. ಬೆಲ್ಜಿಯಂ ದೇಶದ ಫ್ಲ್ಯಾಂಡರ್ಸ್ ಪ್ರಾಂತವು 2018ರಲ್ಲಿಯೇ ‘ವೋನಿಂಗ್‌ಪಾಸ್’ ಎಂಬ ಹೆಸರಿನಲ್ಲಿ ಮನೆಗೊಂದು ಡಿಜಿಟಲ್ ಕಡತವನ್ನು ತೆರೆಯಿತು. ಅಷ್ಟು ದೂರ ಹೋಗಬೇಕಾದುದೂ ಇಲ್ಲ. 2023ರ ಗೃಹಜ್ಯೋತಿ ಯೋಜನೆಯಲ್ಲಿ, 2022–23ರ ಮಾಸಿಕ ಸರಾಸರಿ ಬಳಕೆಗೆ ಶೇಕಡ 10ನ್ನು ಸೇರಿಸಿ, 200 ಯೂನಿಟ್ಟಿನ ಮಿತಿಯೊಳಗೆ ಉಚಿತ ವಿದ್ಯುತ್ತಿನ ಪ್ರಮಾಣವನ್ನು ಮನೆಮನೆಗೂ ಗೊತ್ತುಮಾಡಲಾಯಿತು. ಬಳಕೆಯ ಲೆಕ್ಕ ನಮ್ಮಲ್ಲಿ ಉಂಟು. ಅದನ್ನು ಗೋಡೆಯೊಡನೆ, ತಾರಸಿಯೊಡನೆ ಓದುವ ಅಭ್ಯಾಸವಿಲ್ಲ.

ಇದಕ್ಕಿಂತ ತೂಕವಾದ ಆಕ್ಷೇಪ ಇನ್ನೊಂದಿದೆ. ವಿದ್ಯುತ್ತಿನ ಲೆಕ್ಕ ಸೂಕ್ಷ್ಮವಾದಷ್ಟೂ ಮನೆಯಲ್ಲಿ ಯಾರು ಎಷ್ಟು ಹೊತ್ತಿಗೆ ಇರುವರೆಂಬುದನ್ನು ಅದು ಬಯಲುಮಾಡುತ್ತದೆ. ಬಾಡಿಗೆಯ ಮನೆಗಳೂ ಪಿಜಿಗಳೂ ತುಂಬಿದ ಬಿಟಿಎಂನಲ್ಲಿ ಇದು ಸಣ್ಣ ಮಾತಲ್ಲ. ತಾರಸಿಗೆ ಹಣ ಹಾಕಬೇಕಾದವನು ಮನೆಯ ಮಾಲೀಕ. ಸೆಕೆಯನ್ನು ಸಹಿಸಿ, ಉಚಿತದ ಮಿತಿ ಮೀರಿದರೆ ಬಿಲ್ಲನ್ನೂ ತೆರುವವನು ಅನೇಕ ವೇಳೆ ಬಾಡಿಗೆದಾರ. ಒಡೆತನವನ್ನು ಮಾತ್ರ ಬಲ್ಲ ದಾಖಲೆ ಇವರಿಬ್ಬರ ನಡುವಣ ಅಂತರವನ್ನು ಎಂದಿಗೂ ಕಾಣದು. ಆದುದರಿಂದ ಎರಡು ಬಗೆಯ ವಿವರಗಳನ್ನು ಬೇರ್ಪಡಿಸಬೇಕೆಂಬುದು ನಮ್ಮ ಮತ. ಗೋಡೆ, ತಾರಸಿ, ಕಿಟಕಿ, ದುರಸ್ತಿಯ ವರ್ಷ ಇವು ಮನೆಯೊಡನೆ ಸಾಗಲಿ. ಬಾಡಿಗೆಗೆ ಬರುವವರೂ ಇವನ್ನು ನೋಡುವಂತಾಗಲಿ. ತಿಂಗಳ ಬಳಕೆಯ ಲೆಕ್ಕವಾದರೋ ವಾಸಿಸುವವರ ಸ್ವತ್ತು. ಅವರ ಒಪ್ಪಿಗೆಯಿಲ್ಲದೆ ಮಾಲೀಕನಿಗಾಗಲಿ ಇಲಾಖೆಗಾಗಲಿ ತೆರೆಯಕೂಡದು.

ಇಷ್ಟನ್ನು ಕಾನೂನು ಬರುವ ಮೊದಲೇ ಆರಂಭಿಸಲು ಅಡ್ಡಿಯಿಲ್ಲ. ಕಾಲೇಜಿನ ವಿದ್ಯಾರ್ಥಿಗಳು ತಾವು ವಾಸಿಸುವ ಮನೆಯೊಂದರ ತಾರಸಿ, ಗೋಡೆ, ಕಿಟಕಿಗಳ ವಿವರವನ್ನು ಒಂದು ಪುಟದಲ್ಲಿ ಬರೆದು, ಮನೆಯವರು ಒಪ್ಪಿದರೆ ಹನ್ನೆರಡು ತಿಂಗಳ ಬಿಲ್ಲುಗಳನ್ನು ಅದರ ಪಕ್ಕದಲ್ಲಿರಿಸಿ ನೋಡಲಿ. ಖಾತೆ ಹೇಳದೆ ಬಿಟ್ಟದ್ದು ಏನೆಂಬುದು ಆ ಒಂದು ಪುಟದಿಂದಲೇ ತಿಳಿಯತೊಡಗುತ್ತದೆ.