ದಾನಶಾಸನವೂ ಚುನಾವಣಾ ಲೆಕ್ಕವೂ: 77ನೆಯ ಕಲಮಿನ ಒಂದು ವಿಮರ್ಶೆ

ಬಿ. ಎಲ್. ರೈಸ್ ಅವರು 1901ರಲ್ಲಿ ಹೊರತಂದ 'ಎಪಿಗ್ರಾಫಿಯ ಕರ್ನಾಟಿಕ'ದ ಆರನೆಯ ಸಂಪುಟವು ಆಗಿನ ಕಡೂರು ಜಿಲ್ಲೆಯ ಶಾಸನಗಳಿಗೆ ಮೀಸಲಾದುದು. ಕಡೂರು, ತರೀಕೆರೆ, ಅಜ್ಜಂಪುರಗಳ ಚರಿತ್ರೆಯನ್ನು ಅಭ್ಯಸಿಸುವವನಿಗೆ ಆ ಗ್ರಂಥವು ನಿತ್ಯದ ಸಂಗಾತಿ. ಕ್ರಿ.ಶ. 1196ರಲ್ಲಿ ವೀರಬಲ್ಲಾಳನ ದಂಡನಾಯಕನಾದ ಅಮೃತನು ಕಟ್ಟಿಸಿದ ಅಮೃತಾಪುರದ ದೇವಾಲಯವಿರುವುದೂ ಈ ತರೀಕೆರೆಯ ನೆರೆಯಲ್ಲಿಯೇ. ದಾನಶಾಸನಗಳ ಕ್ರಮ ಎಲ್ಲರಿಗೂ ವಿದಿತವಾದುದು: ಕೊಟ್ಟವನಾರು, ಕೊಂಡವನಾರು, ಕೊಟ್ಟುದೆಷ್ಟು, ಅದರ ಚತುಸ್ಸೀಮೆ ಯಾವುದು, ಸಾಕ್ಷಿಗಳಾರು. ಇವಿಷ್ಟನ್ನೂ ಬಯಲಿನಲ್ಲಿ ಕಲ್ಲಿನ ಮೇಲೆ ಕಂಡರಿಸಿ ನಿಲ್ಲಿಸುತ್ತಿದ್ದರು. ಪ್ರಶಸ್ತಿಭಾಗದಲ್ಲಿ ಉತ್ಪ್ರೇಕ್ಷೆಯಿದ್ದೀತು, ಆದರೆ ದಾನಿಯ ಹೆಸರನ್ನು ಮರೆಸಿದ ದಾನಶಾಸನವೆಂಬುದು ವದತೋವ್ಯಾಘಾತವೇ ಸರಿ.

ಈ ಅಳತೆಗೋಲನ್ನು ಹಿಡಿದು ನಮ್ಮ ಕಾಲದ ಒಂದು ದಾಖಲೆಯನ್ನು, ಎಂದರೆ 1951ರ ಪ್ರಜಾಪ್ರಾತಿನಿಧ್ಯ ಕಾಯಿದೆಯ 77ನೆಯ ಕಲಮಿನಂತೆ ಅಭ್ಯರ್ಥಿಯು ಒಪ್ಪಿಸತಕ್ಕ ವೆಚ್ಚದ ಲೆಕ್ಕವನ್ನು, ಪರಿಶೀಲಿಸಬೇಕೆನ್ನಿಸಿದ್ದಕ್ಕೆ ತರಗತಿಯಲ್ಲಿ ಅಜ್ಜಂಪುರದ ಕಡೆಯ ವಿದ್ಯಾರ್ಥಿಯೊಬ್ಬನು ಕೇಳಿದ ಪ್ರಶ್ನೆ ಕಾರಣ. "1978ರ ಉಪಚುನಾವಣೆಯಲ್ಲಿ ನಮ್ಮ ಸೀಮೆಯಲ್ಲಿ ಒಟ್ಟು ಎಷ್ಟು ಹಣ ಖರ್ಚಾಯಿತು?" ಪ್ರಶ್ನೆ ಸರಳವಾದುದು. ಅದಕ್ಕೆ ಉತ್ತರ ದೊರೆಯದಂತೆ ಕಾನೂನೇ ಏರ್ಪಾಟು ಮಾಡಿತ್ತೆಂಬುದು ಈ ಲೇಖನದ ವಾದ.

1974ರ ಅಕ್ಟೋಬರ್ 3ರಂದು ಸರ್ವೋಚ್ಚ ನ್ಯಾಯಾಲಯವು ಕನ್ವರ್‌ಲಾಲ್ ಗುಪ್ತ ಮೊಕದ್ದಮೆಯಲ್ಲಿ ತೀರ್ಪಿತ್ತಿತು. ಪಕ್ಷವು ಒಬ್ಬ ಅಭ್ಯರ್ಥಿಗಾಗಿಯೇ ಮಾಡಿದ ವೆಚ್ಚವನ್ನು ಅಭ್ಯರ್ಥಿಯು ಅರಿತೂ ನಿರಾಕರಿಸದೆ ಅದರ ಪ್ರಯೋಜನ ಪಡೆದನಾದರೆ, ಆ ವೆಚ್ಚ ಅವನ ಲೆಕ್ಕಕ್ಕೇ ಸೇರತಕ್ಕದ್ದೆಂಬುದು ಅದರ ತಾತ್ಪರ್ಯ. ತೀರ್ಪಿನ ಮಸಿ ಆರುವುದಕ್ಕೆ ಮುನ್ನ, ಅದೇ ತಿಂಗಳಿನಲ್ಲಿ, ಸುಗ್ರೀವಾಜ್ಞೆಯೊಂದು ಹೊರಟು, ವರ್ಷ ಮುಗಿಯುವುದರೊಳಗೆ ಅಧಿನಿಯಮವಾಯಿತು. 77ನೆಯ ಕಲಮಿಗೆ ಸೇರಿಸಿದ 'ವಿವರಣೆ'ಯ ಪ್ರಕಾರ ಪಕ್ಷವಾಗಲಿ, ಸಂಘವಾಗಲಿ, ಅಭ್ಯರ್ಥಿ ಮತ್ತು ಅವನ ಏಜೆಂಟನ ಹೊರತು ಬೇರೆ ಯಾವ ವ್ಯಕ್ತಿಯೇ ಆಗಲಿ ಮಾಡಿದ ವೆಚ್ಚವು ಅಭ್ಯರ್ಥಿಯ ವೆಚ್ಚವಲ್ಲ. ಮಿತಿಯನ್ನು ತೆಗೆಯಲಿಲ್ಲ; ಮಿತಿಯು ಅಳೆಯಬೇಕಾದ ವಸ್ತುವನ್ನೇ ತೆಗೆದರು. ಇದಕ್ಕೆ 'ವಿವರಣೆ' ಎಂಬ ಹೆಸರಿಟ್ಟವರ ಭಾಷಾಚಾತುರ್ಯ ಮೆಚ್ಚತಕ್ಕದ್ದೇ.

ಕಾಕತಾಳೀಯವೆಂಬಂತೆ ಅದೇ ಅಕ್ಟೋಬರಿನ 15ರಂದು ಅಮೆರಿಕದಲ್ಲಿ, ವಾಟರ್‌ಗೇಟ್ ಹಗರಣದ ತರುವಾಯ, ವಂತಿಗೆ ಮತ್ತು ವೆಚ್ಚಗಳೆರಡಕ್ಕೂ ಮಿತಿ ಹಾಕುವ ತಿದ್ದುಪಡಿಗೆ ಅಧ್ಯಕ್ಷ ಫೋರ್ಡ್ ಸಹಿ ಮಾಡಿದರು. 1976ರ ಬಕ್ಲಿ ಮೊಕದ್ದಮೆಯಲ್ಲಿ ಅಲ್ಲಿನ ನ್ಯಾಯಾಲಯವು ವಂತಿಗೆಯ ಮಿತಿಯನ್ನು ಉಳಿಸಿ, ವೆಚ್ಚದ ಮಿತಿ ವಾಕ್‌ಸ್ವಾತಂತ್ರ್ಯಕ್ಕೆ ಬಾಧಕವೆಂದು ರದ್ದುಮಾಡಿತು. 2010ರಲ್ಲಿ ಕಂಪೆನಿಗಳ ಸ್ವತಂತ್ರ ವೆಚ್ಚಕ್ಕೂ ಬಾಗಿಲು ತೆರೆಯಿತು. ಆ ತೀರ್ಪುಗಳನ್ನು ನಾನು ಸಮರ್ಥಿಸಲಾರೆ. ಆದರೂ ಅಲ್ಲಿ 'ಸ್ವತಂತ್ರ' ಎಂಬ ಮಾತಿಗೆ ಒಂದು ಅರ್ಥವಿದೆ: ಹಾಗೆ ವೆಚ್ಚ ಮಾಡುವವನು ಅಭ್ಯರ್ಥಿಯೊಡನೆ ಹೊಂದಿಕೊಂಡು ನಡೆಯಕೂಡದು. ನಮ್ಮ 1974ರ ವಿವರಣೆ ಅಷ್ಟು ಅಂತರವನ್ನೂ ಕೇಳಲಿಲ್ಲ.

ಈ ಸ್ಥಿತಿಯಲ್ಲಿ 1978 ಬಂದಿತು. ಡಿ. ಬಿ. ಚಂದ್ರೇಗೌಡರು ತೆರವು ಮಾಡಿದ ಚಿಕ್ಕಮಗಳೂರು ಲೋಕಸಭಾ ಸ್ಥಾನಕ್ಕೆ ಇಂದಿರಾ ಗಾಂಧಿಯವರೂ ಜನತಾ ಪಕ್ಷದ ವೀರೇಂದ್ರ ಪಾಟೀಲರೂ ಸ್ಪರ್ಧಿಸಿದರು. ಕಡೂರು, ತರೀಕೆರೆಗಳು ಆಗ ಆ ಕ್ಷೇತ್ರದಲ್ಲಿದ್ದವು. ರಾಜ್ಯದಲ್ಲಿ ಒಂದು ಕಡೆಯ ಸರ್ಕಾರ, ದೆಹಲಿಯಲ್ಲಿ ಇನ್ನೊಂದು ಕಡೆಯದು. ದೇಶದ ನಾಯಕರು ಅಡಕೆ ತೋಟಗಳ ನಡುವಣ ಹಾದಿಗಳಲ್ಲಿ ಸಂಚರಿಸಿದರು. ಇಂದಿರಾ ಅವರು 77 ಸಾವಿರಕ್ಕೂ ಮಿಕ್ಕ ಮತಗಳ ಅಂತರದಿಂದ ಗೆದ್ದರು. ಕಾನೂನಿನ ಮಿತಿ 35,000 ರೂಪಾಯಿ. ಇಬ್ಬರ ಲೆಕ್ಕವೂ ಕಾನೂನಿಗೆ ಅಕ್ಷರಶಃ ಸರಿಯಾಗಿದ್ದಿರಬಹುದೆಂದೇ ಇಟ್ಟುಕೊಳ್ಳೋಣ. ದೋಷವಿರುವುದು ಅಲ್ಲಿಯೇ. ಎಷ್ಟೇ ಪ್ರಾಮಾಣಿಕವಾಗಿ ಬರೆದ ಲೆಕ್ಕವಾದರೂ ಆ ಚುನಾವಣೆಯ ವಿಷಯವಾಗಿ ಏನನ್ನೂ ಹೇಳಲಾರದಂತೆ ಅದರ ಚತುಸ್ಸೀಮೆಯನ್ನು ಗುರುತಿಸಲಾಗಿತ್ತು.

1985ರಲ್ಲಿ ನಲ್ಲತಂಬಿ ತೇರಾ ಮೊಕದ್ದಮೆಯಲ್ಲಿ ಮುಖ್ಯ ನ್ಯಾಯಾಧೀಶ ವೈ. ವಿ. ಚಂದ್ರಚೂಡರ ಪೀಠವು ಈ ವಿವರಣೆಯನ್ನು ಎತ್ತಿಹಿಡಿಯಿತು. 2003ರ ತಿದ್ದುಪಡಿ ಬಹುಮಟ್ಟಿಗೆ ಅದನ್ನು ಕಿತ್ತುಹಾಕಿದರೂ ನಾಯಕರ ಪ್ರಯಾಣದ ವೆಚ್ಚವನ್ನು ಹೊರಗೇ ಉಳಿಸಿತು. ಪಕ್ಷದ ಸಾಮಾನ್ಯ ಪ್ರಚಾರಕ್ಕಂತೂ ಮಿತಿಯೇ ಇಲ್ಲ. 2022ರಲ್ಲಿ ನಮ್ಮ ರಾಜ್ಯದಲ್ಲಿ ಲೋಕಸಭೆಗೆ 95 ಲಕ್ಷ, ವಿಧಾನಸಭೆಗೆ 40 ಲಕ್ಷವೆಂದು ಮಿತಿ ಏರಿತು. ತರೀಕೆರೆಯಲ್ಲಿ ನಿಲ್ಲುವ ಪಕ್ಷೇತರನಿಗೆ ತನ್ನ ಹೆಸರಿನ ಹೊರತು ಬೇರೆ ಬಾವುಟವಿಲ್ಲ, ಆದುದರಿಂದ ಅವನ ಪ್ರಚಾರವೆಲ್ಲ ಲೆಕ್ಕಕ್ಕೆ ಬರುತ್ತದೆ. ಪಕ್ಷದ ಅಭ್ಯರ್ಥಿಗೆ ಬಾವುಟವನ್ನು ಬೇರೆಯವರು ಹಿಡಿಯುತ್ತಾರೆ.

2018ರ ಚುನಾವಣಾ ಬಾಂಡುಗಳು ದಾನಿಯ ಹೆಸರನ್ನೂ ಅಳಿಸಿದವು. 2024ರ ಫೆಬ್ರವರಿ 15ರಂದು, ಹಿಂದೆ ಹೇಳಿದ ಚಂದ್ರಚೂಡರ ಪುತ್ರರೇ ಮುಖ್ಯ ನ್ಯಾಯಾಧೀಶರಾಗಿದ್ದ ಪೀಠವು ಆ ಯೋಜನೆಯನ್ನು ಅಸಿಂಧುವೆಂದು ಸಾರಿ, ಮತದಾರನಿಗೆ ತಿಳಿಯುವ ಹಕ್ಕಿದೆಯೆಂದು ಹೇಳಿತು. ತೀರ್ಪು ಶ್ಲಾಘ್ಯವಾದುದು. ಆದರೆ ಅದು ವಿಚಾರಿಸಿದುದು ಹಣ ಬಂದ ದಾರಿಯನ್ನು. ಹಣ ಹೋದ ದಾರಿ ಅದರ ಮುಂದಿರಲಿಲ್ಲ. ಬಂದ ದಾರಿಯಲ್ಲಿಯೂ 20,000 ರೂಪಾಯಿಗೆ ಮೀರದ ವಂತಿಗೆಗಳ ದಾನಿಗಳನ್ನು ಹೆಸರಿಸಬೇಕಾದ ನಿರ್ಬಂಧ ಈಗಲೂ ಇಲ್ಲ.

1961ರ ಚುನಾವಣಾ ನಿಯಮಗಳ 88ನೆಯ ನಿಯಮದಂತೆ ಅಭ್ಯರ್ಥಿಯ ಲೆಕ್ಕವನ್ನು ಯಾರು ಬೇಕಾದರೂ ಒಂದು ರೂಪಾಯಿ ಶುಲ್ಕ ತೆತ್ತು ನೋಡಬಹುದು. ಈಚೆಗೆ ಆಯೋಗವು ಪ್ರತಿಗಳನ್ನು ಜಾಲತಾಣದಲ್ಲಿಯೂ ಇರಿಸುತ್ತಿದೆ. ನನ್ನ ವಿದ್ಯಾರ್ಥಿಗೆ ಈ ನಿಯಮವನ್ನು ತಿಳಿಸಿದೆನು. ಅವನು ಈಚಿನ ಚುನಾವಣೆಯೊಂದರ ಲೆಕ್ಕವನ್ನು ಓದಿ ಬಂದು, ಶಾಮಿಯಾನದ ಬಾಡಿಗೆ, ಕುರ್ಚಿ, ಚಹಾ, ಕರಪತ್ರಗಳ ಬಾಬುಗಳನ್ನು ಗುರುತು ಹಾಕಿಕೊಂಡಿದ್ದ ಹಾಳೆಯನ್ನು ನನ್ನ ಮೇಜಿನ ಮೇಲಿರಿಸಿ, "ಇದರಲ್ಲಿ ದಾನಿ ಯಾರು ಸಾರ್?" ಎಂದು ಕೇಳಿದನು.