ಕಟ್ಟು ಒಂದು, ತುಂಡುಗಳು ಹಲವು

ನಮ್ಮ ಮನೆಗಳ ಗೋಡೆಯ ಮೇಲೆ ಈಚಿನ ವರ್ಷಗಳಲ್ಲಿ ಒಂದು ಹೊಸ ಬಗೆಯ ಅಲಂಕಾರ ಬಂದು ಕೂತಿದೆ. ಒಂದೇ ಚಿತ್ರವನ್ನು ಉದ್ದುದ್ದಕ್ಕೆ ಐದು ತುಂಡು ಮಾಡಿ, ನಡುವಿನದನ್ನು ಎತ್ತರವಾಗಿಯೂ ಅಕ್ಕಪಕ್ಕದವನ್ನು ಗಿಡ್ಡವಾಗಿಯೂ ತೂಗುಹಾಕುವ ಮುದ್ರಿತ ಕ್ಯಾನ್ವಾಸ್. ಜಲಪಾತ, ಓಡುವ ಕುದುರೆಗಳ ಜೊತೆಗೆ ಕಅಬಾ ಮತ್ತು ಆಯತುಲ್ ಕುರ್ಸಿ ಕೂಡ ಹೀಗೆ ಸಿಗುತ್ತವೆ. ಹೊಸ ಮನೆಗೆ ಉಡುಗೊರೆಯಾಗಿ ಕೊಡುವವರೂ ಇದ್ದಾರೆ. ದೂರದಿಂದ ಚೆನ್ನಾಗಿಯೇ ಕಾಣುತ್ತದೆ. ಹತ್ತಿರ ಹೋಗಿ ಓದಲು ಹೊರಟರೆ ಮಾತ್ರ ಮನಸ್ಸಿಗೆ ಕಸಿವಿಸಿಯಾಗುತ್ತದೆ. ಎಷ್ಟೋ ಕಡೆ ಒಂದು ಅಕ್ಷರದ ತಲೆ ಈ ತುಂಡಿನಲ್ಲಿ, ಬಾಲ ಆ ತುಂಡಿನಲ್ಲಿ. ನಡುವೆ ಬರೀ ಗೋಡೆ. ಪದ ಎಲ್ಲಿ ಮುಗಿಯುತ್ತದೆಂದು ನೋಡಿ ಕತ್ತರಿಸಿದವರಿಲ್ಲ. ಅಳತೆ ನೋಡಿ ಕತ್ತರಿಸಿದ್ದಾರೆ.

ಪವಿತ್ರ ವಚನದ ಮರ್ಯಾದೆಯ ಪ್ರಶ್ನೆ ಇಲ್ಲಿದೆ, ನಿಜ. ಅದರ ಜೊತೆಗೇ ಕಲೆಯ ಪ್ರಶ್ನೆಯೊಂದೂ ಇದೆ. ಹಲವು ಭಾಗಗಳ ಚಿತ್ರವನ್ನು ಒಂದೇ ಕೃತಿಯಾಗಿ ಕಟ್ಟು ಹಾಕಿಸುವುದೆಂದರೇನು? ಭಾಗಗಳ ನಡುವಿನ ಆ ಖಾಲಿ ಜಾಗ ಯಾರದು? ಚಿತ್ರ ಬರೆದವನದೋ, ಕಟ್ಟು ಹಾಕಿದವನದೋ, ಮಾರುವವನದೋ?

ಭಾಗಗಳಿದ್ದೂ ಒಂದಾಗಿ ನಿಲ್ಲುವ ಕೃತಿಗೆ ನಮ್ಮ ಪರಂಪರೆಯಲ್ಲೇ ಒಳ್ಳೆಯ ಉದಾಹರಣೆಯಿದೆ. ತುರ್ಕಿಯ ಹಿಲ್ಯಾ ಫಲಕಗಳನ್ನು ನೋಡಿ. ಪ್ರವಾದಿವರ್ಯರ(ಸ) ರೂಪ, ಸ್ವಭಾವಗಳನ್ನು ಹಝ್ರತ್ ಅಲಿ(ರ) ವಿವರಿಸಿದ ಮಾತುಗಳನ್ನು ಸುಂದರ ಅಕ್ಷರಗಳಲ್ಲಿ ಬರೆಯುವ ಕಲೆ ಅದು. ಹಿಂದೆ ಜನ ಆ ಬರಹವನ್ನು ಮಡಚಿ ಜೇಬಿನಲ್ಲಿಟ್ಟುಕೊಳ್ಳುತ್ತಿದ್ದರಂತೆ. ಅದಕ್ಕೆ ಗೋಡೆಯ ಫಲಕದ ಖಚಿತ ರೂಪ ಕೊಟ್ಟವರು 17ನೇ ಶತಮಾನದ ಒಟ್ಟೋಮನ್ ಲಿಪಿಕಾರ ಹಾಫಿಝ್ ಉಸ್ಮಾನ್. ಮೇಲೆ ಬಿಸ್ಮಿಲ್ಲಾದ ಪಟ್ಟಿ, ನಡುವೆ ವಿವರಣೆಯ ದೊಡ್ಡ ವೃತ್ತ, ನಾಲ್ಕು ಮೂಲೆಗಳಲ್ಲಿ ನಾಲ್ವರು ಖಲೀಫರ ಹೆಸರು, ಕೆಳಗೆ ಒಂದು ಕುರ್‌ಆನ್ ಸೂಕ್ತ, ಅದರಡಿಯಲ್ಲಿ ಉಳಿದ ಬರಹ ಮತ್ತು ಲಿಪಿಕಾರನ ಸಹಿ. ಪ್ರತಿ ಭಾಗಕ್ಕೂ ತನ್ನದೇ ಗೆರೆ, ತನ್ನದೇ ಅಳತೆಯ ಅಕ್ಷರ. ಆದರೂ ಇಡೀ ಫಲಕ ಒಂದೇ ಎಂದು ಕಣ್ಣು ಒಪ್ಪುತ್ತದೆ. ಏಕೆಂದರೆ ವಿಭಾಗದ ಗೆರೆಗಳನ್ನು ಎಳೆದವನೇ ಒಟ್ಟು ನೋಟವನ್ನೂ ಕಂಡಿದ್ದ. ಮಾತು ಮುಗಿದಲ್ಲಿ ಗೆರೆ ಬಂದಿದೆ. ಗೆರೆ ಬಂತೆಂದು ಮಾತು ಮುರಿದಿಲ್ಲ.

ಇನ್ನೊಂದು ಉದಾಹರಣೆ ಇದಕ್ಕೆ ವಿರುದ್ಧವಾದದ್ದು. ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿ ಅಕ್ಬರನ ಕಾಲದ 'ಅಕ್ಬರ್‌ನಾಮಾ' ಪ್ರತಿಯ 116 ಚಿತ್ರಗಳಿವೆ. ಅದರಲ್ಲಿ ಪ್ರಸಿದ್ಧವಾದುದು 1561ರ ಒಂದು ಘಟನೆ. ತರುಣ ಅಕ್ಬರ್ 'ಹವಾಯಿ' ಎಂಬ ಪುಂಡಾನೆಯನ್ನೇರಿ, 'ರಣ ಬಾಘ' ಎಂಬ ಇನ್ನೊಂದು ಆನೆಯನ್ನು ಆಗ್ರಾದಲ್ಲಿ ಯಮುನೆಯ ದೋಣಿ ಸೇತುವೆಯ ಮೇಲೆ ಅಟ್ಟಿಸಿಕೊಂಡು ಹೋಗುತ್ತಾನೆ. ಚಿತ್ರದ ವಿನ್ಯಾಸ ಬಸಾವನನದು, ಬಣ್ಣ ಚೇತರನದು. ಅವರು ಇದನ್ನು ಎದುರುಬದುರು ಎರಡು ಪುಟಗಳಲ್ಲಿ ಹರಡಿದ್ದಾರೆ. ಒಂದು ಪುಟದಲ್ಲಿ ಆನೆಗಳ ಓಟ, ಆನೆಗಳ ಭಾರಕ್ಕೆ ಹೊಯ್ದಾಡುವ ಸೇತುವೆ. ಇನ್ನೊಂದರಲ್ಲಿ ಕೋಟೆ, ಗಾಬರಿಗೊಂಡ ಜನ. ಪುಸ್ತಕ ತೆರೆದಾಗ ಎರಡೂ ಒಟ್ಟಿಗೆ ಕಾಣಬೇಕು. ಆ ಜನರ ಗಾಬರಿಗೆ ಕಾರಣ ಪಕ್ಕದ ಪುಟದಲ್ಲಿದೆ.

ಮ್ಯೂಸಿಯಂ ಈ ಹಸ್ತಪ್ರತಿಯನ್ನು ಕೊಂಡದ್ದು 1896ರಲ್ಲಿ. ಅನಂತರ ಪ್ರದರ್ಶನಕ್ಕೆಂದು ಪುಟಗಳನ್ನು ಬಿಚ್ಚಿ ಕಟ್ಟು ಹಾಕಲಾಯಿತು. ಹೆಚ್ಚು ಜನ ನೋಡಲಿ ಎಂಬ ಉದ್ದೇಶ ಒಳ್ಳೆಯದೇ. ಆದರೆ ಹಾಳೆ ಪುಸ್ತಕದಿಂದ ಹೊರಬಂದ ಕ್ಷಣದಲ್ಲೇ ಜೋಡಿ ಪುಟಗಳ ನಂಟು ಕಟ್ಟು ಹಾಕುವವರ ಕೈಗೆ ಹೋಗುತ್ತದೆ. ಈಗಲೂ ಎಷ್ಟೋ ಕಡೆ ಆನೆಗಳಿರುವ ಪುಟವನ್ನಷ್ಟೇ ಅಚ್ಚು ಹಾಕುತ್ತಾರೆ. ನಾವು ಅದನ್ನೇ ಪೂರ್ತಿ ಚಿತ್ರವೆಂದು ತಿಳಿಯುತ್ತೇವೆ. ಫಾರಸಿ ಪುಸ್ತಕ ಬಲದಿಂದ ಎಡಕ್ಕೆ ಸಾಗುವಂಥದ್ದು ಎಂಬುದನ್ನು ಮರೆತು, ಮೊದಲ ಪುಟವನ್ನು ಎಡಕ್ಕೆ ಎರಡನೆಯದನ್ನು ಬಲಕ್ಕೆ ತೂಗುಹಾಕಿದರಂತೂ ಸೇತುವೆಯ ತುದಿ ನದಿಯನ್ನು ಬಿಟ್ಟು ಚೌಕಟ್ಟಿಗೆ ಹೋಗಿ ಬಡಿಯುತ್ತದೆ. ಇಂಥ ಜೋಡಿಗೆ ಒಂದೇ ಕಟ್ಟು, ಒಂದೇ ಗಾಜು ಬೇಕು. ನಡುವೆ ಪುಸ್ತಕದ ಮಡಿಕೆಯಷ್ಟೇ ಸಣ್ಣ ಅಂತರ ಸಾಕು. ಆ ಅಂತರ ಬಸಾವನ ಬಯಸಿದ್ದಲ್ಲ, ಪುಸ್ತಕದ ಹೊಲಿಗೆಯಿಂದ ಬಂದದ್ದು. ಅದನ್ನು ಅಷ್ಟಕ್ಕೇ ಇಡಬೇಕು.

ಹಾಗಾದರೆ ಅಂತರವೇ ಬೇಡವೇ? ಇಲ್ಲಿ ತಯ್ಯಬ್ ಮೆಹ್ತಾ ನೆನಪಾಗುತ್ತಾರೆ. 1925ರಲ್ಲಿ ಗುಜರಾತಿನ ಕಪಡವಂಜ್‌ನಲ್ಲಿ ಹುಟ್ಟಿ, ಮುಂಬಯಿಯ ಬೊಹ್ರಾ ಪರಿಸರದಲ್ಲಿ ಬೆಳೆದು, 2009ರಲ್ಲಿ ತೀರಿಕೊಂಡ ಕಲಾವಿದ. 1947ರ ಗಲಭೆಯಲ್ಲಿ ಮುಹಮ್ಮದ್ ಅಲಿ ರಸ್ತೆಯ ಮನೆಯ ಕಿಟಕಿಯಿಂದ, ಕೆಳಗಿನ ಬೀದಿಯಲ್ಲಿ ಗುಂಪೊಂದು ಒಬ್ಬ ಯುವಕನನ್ನು ಕೊಂದುದನ್ನು ಅವರು ಕಂಡಿದ್ದರು. ಆ ನೋಟ ತಮ್ಮನ್ನು ಬಿಡಲಿಲ್ಲವೆಂದು ಅವರು ಹೇಳಿಕೊಂಡಿದ್ದಾರೆ. 1969ರಿಂದ ಅವರ ಕ್ಯಾನ್ವಾಸಿನಲ್ಲಿ ಒಂದು ಓರೆಗೆರೆ ಬಂತು. ಅದು ಮೂಲೆಯಿಂದ ಮೂಲೆಗೆ ಹಾಯ್ದು ಮನುಷ್ಯದೇಹವನ್ನೇ ಸೀಳುತ್ತದೆ. ಕೈ ಒಂದು ಬದಿಗೆ, ಮುಖ ಇನ್ನೊಂದು ಬದಿಗೆ.

ಮುಂದೆ ಅವರು ಶಾಂತಿನಿಕೇತನದಲ್ಲಿದ್ದು ಸಂತಾಲರ ಹಬ್ಬಗಳನ್ನು ಕಂಡರು. ಅಲ್ಲಿಂದ ಹುಟ್ಟಿದ್ದು ಮೂರು ಕ್ಯಾನ್ವಾಸುಗಳ 'ಶಾಂತಿನಿಕೇತನ ಟ್ರಿಪ್ಟಿಕ್' (1986-87). 1995ರ 'ಸೆಲೆಬ್ರೇಶನ್' ಕೂಡ ಮೂರು ಭಾಗಗಳದೇ. 2002ರಲ್ಲಿ ನ್ಯೂಯಾರ್ಕಿನ ಕ್ರಿಸ್ಟೀಸ್ ಹರಾಜಿನಲ್ಲಿ ಅದು ಸುಮಾರು ಒಂದೂವರೆ ಕೋಟಿ ರೂಪಾಯಿಗೆ ಹೋದಾಗ ಪತ್ರಿಕೆಗಳು ಬೆಲೆಯ ಬಗ್ಗೆ ಬರೆದವು. ಮೂರೇಕೆ ಎಂದು ಕೇಳಿದವರು ಕಡಿಮೆ. ನಮಗೆ ತೋರುವುದಿಷ್ಟು: ಹಿಂದೆ ಒಂದೇ ಕ್ಯಾನ್ವಾಸಿನೊಳಗೆ ಕುಂಚದಿಂದ ಎಳೆದ ಸೀಳನ್ನು ಇಲ್ಲಿ ಅವರು ಕ್ಯಾನ್ವಾಸಿನ ಅಂಚುಗಳಿಗೇ ವಹಿಸಿದರು. ಹಬ್ಬದ ಸಂಭ್ರಮದಲ್ಲೂ ಜನರ ನಡುವೆ ಒಂದು ಸೀಳಿದೆ ಎಂಬುದನ್ನು ಅವರು ಮುಚ್ಚಿಡಲಿಲ್ಲ. ಸೀಳಿದೆಯೆಂದು ಯಾರನ್ನೂ ಹಬ್ಬದಿಂದ ಹೊರಗೆ ಹಾಕಲೂ ಇಲ್ಲ.

ಇಂಥ ಕೃತಿಯ ಅಂಚುಗಳನ್ನು ಒತ್ತಿ ಕೂಡಿಸಿ, ಗೆರೆ ಕಾಣದಂತೆ ಮಾಡುವುದು ಐದು ತುಂಡಿನ ಕತ್ತರಿಯಷ್ಟೇ ದೊಡ್ಡ ತಪ್ಪು. ಕಸುಬಿನ ದೃಷ್ಟಿಯಿಂದಲೂ ಅದು ಸರಿಯಲ್ಲ. ಮಳೆಗಾಲದಲ್ಲಿ ಮನೆಯ ಬಾಗಿಲು ಹಿಗ್ಗಿ ಸಿಕ್ಕಿಕೊಳ್ಳುವ ಹಾಗೆ ಕ್ಯಾನ್ವಾಸಿನ ಹಿಂದಿನ ಮರದ ಪಟ್ಟಿಗಳೂ ಹಿಗ್ಗುತ್ತವೆ. ಜಾಗವಿಲ್ಲದಿದ್ದರೆ ಒಂದನ್ನೊಂದು ತಳ್ಳಿ ಸೊಟ್ಟಗಾಗುತ್ತವೆ. ಹೊರಗಿನ ಚೌಕಟ್ಟು ಒಂದೇ ಇರಲಿ. ಒಳಗೆ ಪ್ರತಿ ತುಂಡಿಗೂ ಉಸಿರಾಡುವಷ್ಟು ಜಾಗವಿರಲಿ.

ಕಟ್ಟು ಹಾಕಿಸಲು ಹೊರಟವರು ಮೊದಲು ಕೇಳಬೇಕಾದ್ದು ಇದನ್ನೇ: ಈ ಅಂತರವನ್ನು ಇಟ್ಟವರು ಯಾರು? ಕಲಾವಿದ ಇಟ್ಟಿದ್ದರೆ ಉಳಿಸಬೇಕು. ಮಾರುವವನು ಇಟ್ಟಿದ್ದರೆ ಅಂಥದ್ದನ್ನು ಕೊಳ್ಳದಿರುವುದೇ ಮೇಲು.

ನಮ್ಮ ನಾಡಿನಲ್ಲಿ ಎಲ್ಲರನ್ನೂ ಒಂದೇ ಚೌಕಟ್ಟಿಗೆ ತರುವ ಮಾತು ಈಗ ಜೋರಾಗಿದೆ. ಹಾಗೆನ್ನುವವರಲ್ಲಿ ಕೆಲವರು ಗೆರೆಗಳನ್ನೆಲ್ಲ ಅಳಿಸಬಯಸುತ್ತಾರೆ, ಕೆಲವರು ಇಲ್ಲದ ಕಡೆ ಕತ್ತರಿ ಹಾಕುತ್ತಾರೆ. ಸೀಳನ್ನು ಅಷ್ಟು ಹತ್ತಿರದಿಂದ ಕಂಡಿದ್ದ ತಯ್ಯಬ್ ಮೆಹ್ತಾ 1970ರಲ್ಲಿ ಒಂದು ಕಿರುಚಿತ್ರ ಮಾಡಿದರು. ಅದಕ್ಕೆ ಅವರು ಆರಿಸಿಕೊಂಡ ಹೆಸರು ಒಂದು ತಮಿಳು ಪದ, 'ಕೂಡಲ್'. ಅದರ ಅರ್ಥವನ್ನು ಕನ್ನಡಿಗರಿಗೆ ಬಿಡಿಸಿ ಹೇಳಬೇಕಾಗಿಲ್ಲ.