ಗಾಳಕ್ಕೆ ಚುಚ್ಚಿದ ಹುಳು

ಗಾಳ ಹಾಕುವವನು ಮೀನಿನ ಬಗ್ಗೆ ಮಾತಾಡುತ್ತಾನೆ, ಕೊಕ್ಕೆಗೆ ಚುಚ್ಚಿದ ಎರೆಹುಳದ ಬಗ್ಗೆ ಮಾತಾಡುವುದಿಲ್ಲ. ಟೆಲಿವಿಷನ್ ಬರವಣಿಗೆಯ ಪಾಠಗಳೂ ಹೀಗೇ ಇವೆ. ಮೊದಲ ನಿಮಿಷದಲ್ಲೇ ನೋಡುವವನನ್ನು ಹಿಡಿದು ಕೂರಿಸಬೇಕು, ಕೈ ರಿಮೋಟಿಗೆ ಹೋಗಬಾರದು ಅನ್ನುತ್ತವೆ. ಸರಿಯೇ. ಆದರೆ ಹಿಡಿಯುವುದಕ್ಕೆ ಯಾರ ಮೈಯನ್ನು ಚುಚ್ಚಿದಿರಿ ಅಂತ ಯಾರೂ ಕೇಳುವುದಿಲ್ಲ. ದಲಿತ ವಿಮರ್ಶೆ ಕೇಳಬೇಕಾದ್ದು ಅದನ್ನೇ.

1988ರಲ್ಲಿ ದೂರದರ್ಶನದಲ್ಲಿ ಬಂದ ಎರಡು ಧಾರಾವಾಹಿಗಳನ್ನು ನೋಡೋಣ. ಅಕ್ಟೋಬರ್ 2ರಂದು ಶುರುವಾದ ಬಿ.ಆರ್. ಚೋಪ್ರಾರ ‘ಮಹಾಭಾರತ’ದಲ್ಲಿ ಕಥೆ ಹೇಳುವುದು ‘ಸಮಯ’, ಅಂದರೆ ಕಾಲ. ಮಾತು ರಾಹಿ ಮಾಸೂಮ್ ರಜಾ ಅವರದು, ದನಿ ಹರೀಶ್ ಭಿಮಾನಿಯವರದು. ಈ ಕಾಲನಿಗೆ ಮೈಯಿಲ್ಲ, ಕೇರಿಯಿಲ್ಲ, ಹಸಿವಿಲ್ಲ. ಅವನು ಎಲ್ಲವನ್ನೂ ಕಂಡವನು, ಹಾಗಾಗಿ ಅವನನ್ನು ಯಾರೂ ಪ್ರಶ್ನಿಸುವ ಹಾಗಿಲ್ಲ. ಕಥೆ ಮೊದಲೇ ಗೊತ್ತಿದ್ದ ಜನರನ್ನೂ ಈ ಆರಂಭ ತಲೆಬಾಗಿಸಿ ಕೂರಿಸಿತು.

ಅದೇ ವರ್ಷದ ಮೊದಲಲ್ಲಿ ಬಂದ ಗೋವಿಂದ ನಿಹಲಾನಿಯವರ ‘ತಮಸ್’ ಬೇರೆ ಥರ. 1975ರಲ್ಲಿ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಭೀಷ್ಮ ಸಾಹನಿಯವರ ಕಾದಂಬರಿ ಅದಕ್ಕೆ ಆಧಾರ. ದೇಶ ಒಡೆಯುವ ಹೊತ್ತಿನ ಪಂಜಾಬ್. ಆದರೆ ಶುರುವಿಗೆ ನೆಹರೂ ಇಲ್ಲ, ಜಿನ್ನಾ ಇಲ್ಲ. ಮಂಕು ಬೆಳಕಿನಲ್ಲಿ ಚಮಾರ ನತ್ಥು ಒಂದು ಹಂದಿ ಕೊಲ್ಲಲು ಹೆಣಗುತ್ತಿದ್ದಾನೆ. ಓಂ ಪುರಿಯ ಬೆವರು, ಏದುಸಿರು, ಸಾಯಲೊಲ್ಲದ ಪ್ರಾಣಿ. ಕಣ್ಣು ಕೀಳಲಾಗುವುದಿಲ್ಲ.

ಈ ದೃಶ್ಯದ ಬಿಗಿ ಬಂದಿರುವುದು ರಕ್ತದಿಂದಲ್ಲ, ಕಸುಬಿನಿಂದ. ನತ್ಥು ಸತ್ತ ದನದ ಚರ್ಮ ಸುಲಿಯುವವನು. ಹಂದಿ ಕೊಂದು ಅಭ್ಯಾಸವಿಲ್ಲ. ಕೆಲಸ ಹಚ್ಚಿದ ಮುರಾದ್ ಅಲಿಗೆ ಈ ವ್ಯತ್ಯಾಸ ಬೇಕಿಲ್ಲ. ಅವನ ಲೆಕ್ಕದಲ್ಲಿ ಕೇರಿಯ ಕೈಗಳೆಲ್ಲ ಒಂದೇ. ಪಶುವೈದ್ಯರಿಗೆ ಬೇಕು ಅಂತ ಸುಳ್ಳು ಹೇಳಿ, ಐದು ರೂಪಾಯಿ ಕೈಗಿಟ್ಟು ಹೋಗಿದ್ದಾನೆ. ಬೆಳಗಾದರೆ ಹಂದಿ ಮಸೀದಿಯ ಮೆಟ್ಟಿಲ ಮೇಲೆ, ಆಮೇಲೆ ಊರಿಗೆಲ್ಲ ಬೆಂಕಿ. ಕೋಮುದ್ವೇಷ ದಲಿತನ ದುಡಿಮೆಯನ್ನು ಹೇಗೆ ಕೂಲಿಗೆ ಹಿಡಿಯುತ್ತದೆ ಅನ್ನುವುದನ್ನು ಒಂದು ಭಾಷಣವೂ ಇಲ್ಲದೆ ಈ ಆರಂಭ ಹೇಳಿಬಿಡುತ್ತದೆ.

ಆದರೆ ನತ್ಥುವೇ ಇಲ್ಲಿ ಎರೆಹುಳವಲ್ಲವಾ? ಅವನನ್ನು ಚುಚ್ಚಿ ನಮ್ಮನ್ನು ಹಿಡಿದ ಮೇಲೆ ಕಥೆ ಅಂಗಡಿಕಾರರ, ಮುಖಂಡರ, ಸಾಹೇಬರ ಮನೆಗಳಿಗೆ ಹೋಗುತ್ತದೆ. ಕಾದಂಬರಿಯಲ್ಲಿ ನತ್ಥು ನಡುವೆಯೇ ಮರೆಯಾಗುತ್ತಾನೆ. ನಿಹಲಾನಿ ಹಾಗೆ ಬಿಡಲಿಲ್ಲ. ನತ್ಥು ಮತ್ತು ಬಸುರಿ ಹೆಂಡತಿ ಕರ್ಮೋ ಧಾರಾವಾಹಿಯ ಉದ್ದಕ್ಕೂ ಉಳಿಯುತ್ತಾರೆ. ಅದು ಮುಗಿಯುವುದು ಕರ್ಮೋ ಹೆತ್ತ ಕೂಸಿನ ಅಳುವಿನಲ್ಲಿ. ಆರಂಭದಲ್ಲಿ ಮಾಡಿದ ಸಾಲವನ್ನು ನಿರ್ದೇಶಕರು ತಕ್ಕಮಟ್ಟಿಗೆ ತೀರಿಸಿದ್ದಾರೆ.

ಪೂರ್ತಿ ತೀರಿಲ್ಲ. ನತ್ಥುವಿಗೆ ಪಾಪಪ್ರಜ್ಞೆ ಕೊಟ್ಟರು, ಸಿಟ್ಟು ಕೊಡಲಿಲ್ಲ. ಕಾದಂಬರಿಯ ಕೊನೆಗೆ ಮುರಾದ್ ಅಲಿ ಶಾಂತಿಯ ಬಸ್ಸು ಹತ್ತಿ ಘೋಷಣೆ ಕೂಗುತ್ತಾನೆ. ಮೋಸಹೋದವನು ಮಾತ್ರ ಒಳಗೊಳಗೇ ಬೇಯಬೇಕು. ಕೇರಿಯಿಂದ ಬಂದ ಲೇಖಕ ಬರೆದಿದ್ದರೆ ಆ ಐದು ರೂಪಾಯಿಯ ಲೆಕ್ಕ ಕೇಳದೆ ಬಿಡುತ್ತಿದ್ದನೇ?

2020ರಲ್ಲಿ ಅಂಬೇಡ್ಕರರ ಬದುಕಿನ ಧಾರಾವಾಹಿ ‘ಮಹಾನಾಯಕ’ ಹಿಂದಿಯಿಂದ ಡಬ್ ಆಗಿ ಜೀ ಕನ್ನಡದಲ್ಲಿ ಬಂತು. ಕರ್ನಾಟಕದ ಹಳ್ಳಿಹಳ್ಳಿಗಳಲ್ಲಿ ಜನರೇ ಅದಕ್ಕೆ ಬ್ಯಾನರ್ ಕಟ್ಟಿದರು. ಅಲ್ಲಿ ಯಾವ ಗಾಳವೂ ಬೇಕಾಗಲಿಲ್ಲ. ತಮ್ಮವನೊಬ್ಬ ಕಥೆಯ ನಡುಮಧ್ಯೆ ನಿಲ್ಲುವುದನ್ನು ನೋಡಲು ಆ ಜನ ಯಾವತ್ತಿನಿಂದಲೋ ಕಾದಿದ್ದರು.

ಟೆಲಿವಿಷನ್ನಿಗೆ ಬರೆಯಹೊರಟ ಗೆಳೆಯರು, ಗೆಳತಿಯರು ಮೊದಲ ದೃಶ್ಯವನ್ನು ಖಂಡಿತ ಬಿಗಿಯಾಗಿ ಕಟ್ಟಲಿ. ಆದರೆ ಯಾರ ನೋವಿನಿಂದ ಬಾಗಿಲು ತೆರೆದಿರೋ ಅವರನ್ನು ಹೊಸ್ತಿಲಾಚೆಯೇ ನಿಲ್ಲಿಸಬೇಡಿ. ಅವರು ಒಳಗೆ ಬರಲಿ, ಕೂರಲಿ, ಮಾತಾಡಲಿ, ಬೇಕಾದರೆ ಜಗಳವನ್ನೂ ಆಡಲಿ.